ಹಳೆಯ ಕಾರಿನ ಇಂಧನ ಮುಳ್ಳನ್ನು ಪರೀಕ್ಷಿಸುವ ವಿಧಾನ

ವಿಜಯಪುರದಿಂದ ಕೊಲ್ಹಾರ ಸೇತುವೆ ದಾಟಿ ಬಾಗಲಕೋಟೆಗೆ ಹೊರಡುವ ಮುನ್ನ, ಹಳೆಯ ಕಾರಿನ ಇಂಧನ ಮುಳ್ಳನ್ನು ಎಷ್ಟು ನಂಬಬಹುದೆಂದು ತಿಳಿದಿರಬೇಕು. ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದು ಪೆಟ್ರೋಲಿನೊಡನೆ ಏರಿಳಿಯುತ್ತ ವಿದ್ಯುತ್ ರೋಧವನ್ನು ಬದಲಿಸುತ್ತದೆ. ಮುಳ್ಳು ಅದನ್ನೇ ತೋರಿಸುತ್ತದೆ. ಟ್ಯಾಂಕಿನ ಆಕಾರ ಏಕರೂಪವಾಗಿರದ ಕಾರಣ, ಅರ್ಧ ತೋರಿಸಿದಾಗ ಒಳಗೆ ಅರ್ಧವೇ ಇರಬೇಕೆಂದಿಲ್ಲ.

ಮೊದಲು ಸಮತಟ್ಟಾದ ಜಾಗದಲ್ಲಿ, ಪಂಪಿನ ನಳಿಕೆ ತಾನಾಗಿಯೇ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಬರೆದಿಟ್ಟುಕೊಳ್ಳಿ. ಮುಳ್ಳು ಕೆಂಪು ಗೆರೆ ಮುಟ್ಟಿದಾಗ, ಸಾಧ್ಯವಾದರೆ ಅದೇ ಬಂಕಿನಲ್ಲಿ, ಮತ್ತೆ ಹಾಗೆಯೇ ತುಂಬಿಸಿ. ಮಾರುತಿ 800ರ ಟ್ಯಾಂಕು ಸುಮಾರು 28 ಲೀಟರಿನದು. ಅದಕ್ಕೆ 23 ಲೀಟರ್ ಹಿಡಿದರೆ, ಕೆಂಪು ಗೆರೆಯಲ್ಲಿ ಸುಮಾರು 5 ಲೀಟರ್ ಉಳಿದಿತ್ತೆಂದು ಲೆಕ್ಕ. ಎರಡು ಮೂರು ಸಲ ಹೀಗೆ ಮಾಡಿದರೆ ಮಾತ್ರ ಅಂಕಿ ನಂಬಿಕೆಗೆ ಅರ್ಹ.

ಕೈಪಿಡಿಯ ಅಂಕಿಗಿಂತ ತುಸು ಹೆಚ್ಚು ಹಿಡಿದರೆ ಬಂಕಿನವರೊಡನೆ ಜಗಳಕ್ಕಿಳಿಯಬೇಡಿ: ಬಿಸಿಲಿಗೆ ಪೆಟ್ರೋಲ್ ಹಿಗ್ಗಲೆಂದು ಟ್ಯಾಂಕಿನ ಮೇಲ್ಭಾಗದಲ್ಲಿ ಜಾಗ ಬಿಟ್ಟಿರುತ್ತಾರೆ, ನಮ್ಮ ಬೇಸಿಗೆಗೆ ಅದು ಬೇಕೇಬೇಕು.

ಮುಳ್ಳು ಕುಣಿಯುತ್ತಿದ್ದರೆ, ಹೊಸ ಭಾಗ ಕೊಳ್ಳುವ ಮುನ್ನ ಟ್ಯಾಂಕಿನ ಬಳಿಯ ಅರ್ತಿಂಗ್ ತಂತಿಯ ತುಕ್ಕನ್ನು ಮೆಕ್ಯಾನಿಕ್‌ನಿಂದ ಉಜ್ಜಿಸಿ ನೋಡಿ.