ಮಗುವಿನ ತಲೆ ಚಪ್ಪಟೆಯಾಗಿದೆ, ಹೆಲ್ಮೆಟ್ ಹಾಕಿಸಬೇಕಾ?

ಮಗನಿಗೆ ಒಂಬತ್ತು ವಾರ. ಅಮ್ಮ ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ಕೈ ನಿಲ್ಲಿಸಿದರು. "ಬಲಗಡೆ ತಲೆ ಕೈ ತುಂಬಾ ಸಿಗ್ತಿಲ್ಲ ಕಣೇ" ಎಂದರು. ನಾನು ಮೇಲಿನಿಂದ ಬಗ್ಗಿ ನೋಡಿದೆ. ತಲೆಯ ಹಿಂದೆ ಬಲಗಡೆ ಯಾರೋ ಅಂಗೈಯಲ್ಲಿ ಒತ್ತಿದ ಹಾಗೆ ಇತ್ತು. ಬಲಗಿವಿ ಎಡಗಿವಿಗಿಂತ ಸ್ವಲ್ಪ ಮುಂದಕ್ಕೆ ಬಂದಿತ್ತು. ದಿನಾ ಎತ್ತಿ ಆಡಿಸುವ ಮಗು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ರಾತ್ರಿ ತುಂಬಾ ಅತ್ತೆ.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಅಮ್ಮ ಬಾಣಂತನಕ್ಕೆ ಅರಕಲಗೂಡಿನಿಂದ ಬಂದಿದ್ದರು. ಮುಂದಿನ ಮೂರು ತಿಂಗಳು ಮನೆಯಲ್ಲಿ ಹೆಲ್ಮೆಟ್‌ದೇ ಮಾತು. ಹೆಲ್ಮೆಟ್ ಎಂದರೆ ಚಪ್ಪಟೆ ತಲೆ ದುಂಡಗಾಗಲಿ ಎಂದು ಕೂಸಿನ ತಲೆಯ ಅಳತೆಗೇ ಮಾಡಿಸಿ ಹಾಕುವ ಗಟ್ಟಿ ಟೋಪಿ. ಕೊನೆಗೆ ನಾವು ಹಾಕಿಸಲಿಲ್ಲ. ಡಾಲಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ತನ್ನ ಮಗುವಿಗೆ ಹಾಕಿಸಿದಳು. ಇಬ್ಬರೂ ಸರಿಯಾಗಿಯೇ ತೀರ್ಮಾನ ಮಾಡಿದೆವು ಎಂದು ನನಗೆ ಅನಿಸುತ್ತದೆ. ಏಕೆಂದರೆ ಮಗುವಿನ ಕುತ್ತಿಗೆ, ತಲೆಯ ಅಳತೆ, ವಯಸ್ಸು ಈ ಮೂರನ್ನೂ ನೋಡಿ ತೀರ್ಮಾನ ಮಾಡಿದೆವು. ಇವು ಗೊತ್ತಾಗುವ ತನಕ ಯಾರು ಏನೇ ಹೇಳಲಿ, ನೀವು ಹೂಂ ಅನ್ನಬೇಡಿ.

ಎಲ್ಲಕ್ಕಿಂತ ಮೊದಲು ಡಾಕ್ಟರ್‌ಗೆ ತೋರಿಸಿ. ಮಲಗಿ ಮಲಗಿ ಚಪ್ಪಟೆಯಾದ ತಲೆ ಬೇರೆ, ಬುರುಡೆಯ ಕೀಲು ಬೇಗ ಬೆಸೆದುಕೊಂಡು ಸೊಟ್ಟಗಾದ ತಲೆ ಬೇರೆ. ಮೇಲಿನಿಂದ ನೋಡಿದರೆ ಮೊದಲನೆಯದು, ಒಂದು ಮೂಲೆಯಲ್ಲಿ ತಳ್ಳಿದ ರಟ್ಟಿನ ಪೆಟ್ಟಿಗೆಯ ಹಾಗೆ ಓರೆಯಾಗಿ ಕಾಣುತ್ತದೆ. ಚಪ್ಪಟೆ ಇರುವ ಕಡೆಯ ಕಿವಿ, ಹಣೆ ಮುಂದಕ್ಕೆ ಬಂದಿರುತ್ತವೆ. ಎರಡನೆಯದರಲ್ಲಿ ಆ ಕಡೆಯ ಕಿವಿ ಹಿಂದಕ್ಕೋ ಕೆಳಕ್ಕೋ ಎಳೆದ ಹಾಗಿರಬಹುದು. ಬೆರಳಾಡಿಸಿದರೆ ಎಲುಬಿನ ಏಣು ಸಿಗಬಹುದು. ತಲೆ ಹುಟ್ಟಿದಾಗಲೇ ಹಾಗಿದ್ದು ದಿನೇ ದಿನೇ ಜಾಸ್ತಿಯಾಗುತ್ತಿದ್ದರೆ, ತಲೆಯ ಸುತ್ತಳತೆ ಬೆಳೆಯದೇ ಇದ್ದರೆ, ಕಾಯಬೇಡಿ. ಅದನ್ನು ಮಕ್ಕಳ ನರಶಸ್ತ್ರ ತಜ್ಞರೇ ನೋಡಬೇಕು. ಕೆಲವು ಮಕ್ಕಳಿಗೆ ಮೂರು-ನಾಲ್ಕು ತಿಂಗಳೊಳಗೇ ಸಣ್ಣ ರಂಧ್ರದ ಆಪರೇಷನ್ ಮಾಡಿ, ಆಮೇಲೆ ಹೆಲ್ಮೆಟ್ ಹಾಕುತ್ತಾರೆ. ನಾನು ಇಲ್ಲಿ ಹೇಳುವ ಯಾವ ಮಾತೂ ಆ ಮಕ್ಕಳಿಗೆ ಅನ್ವಯಿಸುವುದಿಲ್ಲ.

ನಮ್ಮ ಮಗನದು ಮೊದಲನೆಯ ಬಗೆ ಎಂದು ಡಾಕ್ಟರ್ ಹೇಳಿದರು. ಮೆದುಳಿನ ಮೇಲೆ ಒತ್ತಡ ಬೀಳುವುದಿಲ್ಲ ಎಂದೂ ಹೇಳಿದರು. ಆ ಒಂದು ಮಾತು ಕೇಳಿ ನನಗೆ ಅರ್ಧ ಜೀವ ಬಂತು.

ಆಗ ಅಮ್ಮ ಕೇಳಿದ್ದು, "ಹಾಗಾದ್ರೆ ಬೋರಲು ಮಲಗಿಸಿದ್ರೆ ಆಯ್ತಲ್ವಾ?" ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ನಿದ್ದೆಗೆ ಅಂಗಾತವೇ ಮಲಗಿಸಬೇಕು. ಬೋರಲು ಮಲಗಿದ ಮಕ್ಕಳು ನಿದ್ದೆಯಲ್ಲೇ ತೀರಿಕೊಳ್ಳುವುದು ಜಾಸ್ತಿ ಎಂದು ಈ ದೇಶದಲ್ಲಿ 1987ರಲ್ಲೇ ಎಚ್ಚರಿಸಿದ್ದರು. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಅದನ್ನೇ ಹೇಳಿತು. ಅಂಗಾತ ಮಲಗಿಸಲು ಶುರು ಮಾಡಿದ ಮೇಲೆ ಅಂಥ ಸಾವುಗಳು ತುಂಬಾ ಕಡಿಮೆಯಾದವು, ಚಪ್ಪಟೆ ತಲೆಗಳು ಜಾಸ್ತಿಯಾದವು. ತಲೆಯನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು.

ಸಾಸಿವೆ ದಿಂಬಿನ ವಿಷಯವನ್ನೂ ಹೇಳಲೇಬೇಕು. ಅಮ್ಮ ಅಪ್ಪನ ಹಳೆ ಪಂಚೆ ಹರಿದು, ಸಾಸಿವೆ ತುಂಬಿ, ಕೈಯಲ್ಲೇ ಹೊಲಿದು ತಂದಿದ್ದರು. ಎಷ್ಟು ಮೆತ್ತಗಿತ್ತು ಗೊತ್ತಾ! ಆದರೆ ಮಲಗಿದ ಕೂಸಿನ ಹತ್ತಿರ ಯಾವ ದಿಂಬೂ ಇರಬಾರದು, ಉಸಿರು ಕಟ್ಟುವ ಅಪಾಯ ಇದೆ. ತಲೆ ದುಂಡಗೆ ಮಾಡುತ್ತೇವೆ ಎಂದು ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದನ್ನು ಅಮ್ಮನಿಗೆ ಹೇಳುವುದು ನನಗೆ ಸುಲಭವಾಗಲಿಲ್ಲ. ಅವರು ಏನೂ ಮಾತಾಡದೆ ಸಾಸಿವೆಯನ್ನು ಡಬ್ಬಿಗೆ ಸುರಿದರು. ಬಟ್ಟೆಯನ್ನು ನಾನು ಎತ್ತಿಟ್ಟುಕೊಂಡೆ. ಎಚ್ಚರ ಇದ್ದಾಗ ಮಗನನ್ನು ಬೋರಲು ಹಾಕಿ, ಎದೆಯ ಕೆಳಗೆ ಅದನ್ನೇ ಸುರುಳಿ ಸುತ್ತಿ ಇಡುತ್ತಿದ್ದೆವು. ಕತ್ತೆತ್ತಲು ಅವನಿಗೆ ಅದೇ ಆಸರೆಯಾಯಿತು.

ಈಗ ಕುತ್ತಿಗೆಯ ವಿಷಯ. ಇಲ್ಲಿ ಮಕ್ಕಳಿಗೇ ಅಂತ ಬೇರೆ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ನಾವು ತೋರಿಸಿದಾಕೆ ಮಗನನ್ನು ಮುಟ್ಟುವ ಮೊದಲು ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತಳು. ಆಮೇಲೆ "ವೋರ್‌ಕ್ಯೂರ್ಸ್‌ಹೌಡಿಂಗ್" ಎಂದಳು. ಮಗು ಒಂದೇ ಕಡೆ ತಿರುಗುವುದಕ್ಕೆ ಡಚ್ಚರು ಹೇಳುವ ಮಾತು ಅದು. ಎಡಗಡೆ ತಿರುಗಲು ಅವನಿಗೆ ಆಗುತ್ತಿತ್ತು, ಆದರೆ ತಿರುಗುತ್ತಿರಲಿಲ್ಲ. ಕಿಟಕಿ ಬಲಗಡೆ, ನನ್ನ ಮಂಚ ಬಲಗಡೆ, ನಾನು ಎತ್ತಿಕೊಳ್ಳುತ್ತಿದ್ದುದೂ ಬಲಗಡೆಯಿಂದ. ಇನ್ನು ಕೆಲವು ಮಕ್ಕಳ ಕುತ್ತಿಗೆಯ ಸ್ನಾಯುವೇ ಒಂದು ಕಡೆ ಬಿಗಿದಿರುತ್ತದೆ. ಡಾಲಸ್‌ನ ಮಗುವಿಗೆ ಆಗಿದ್ದು ಅದು. ಅದಕ್ಕೆ ವ್ಯಾಯಾಮ ಮಾಡಿಸಲೇಬೇಕು. ಇಲ್ಲದಿದ್ದರೆ ಹೆಲ್ಮೆಟ್ ಬಿಚ್ಚಿದ ಮೇಲೂ ಮಗು ಅದೇ ಕಡೆ ತಿರುಗುತ್ತದೆ.

ನಾವು ಮಾಡಿದ್ದು ಇಷ್ಟು. ತೊಟ್ಟಿಲಲ್ಲಿ ಒಂದು ದಿನ ತಲೆ ಈ ಕಡೆ, ಮಾರನೇ ದಿನ ಆ ಕಡೆ ಬರುವ ಹಾಗೆ ಮಲಗಿಸಿದೆವು. ಹಾಲು ಕುಡಿಸುವಾಗ, ಎತ್ತಿಕೊಳ್ಳುವಾಗ, ಬಟ್ಟೆ ಬದಲಿಸುವಾಗ ಎಡಗಡೆಯಿಂದಲೇ ಮಾತಾಡಿಸಿದೆವು. ಅಮ್ಮನ ಗಾಜಿನ ಬಳೆ ಸದ್ದಿಗೆ ಅವನು ತಿರುಗಿದಷ್ಟು ಯಾವ ಗಿಲಕಿಗೂ ತಿರುಗಲಿಲ್ಲ. ನಿದ್ದೆ ಬಂದ ಮೇಲೆ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಿದ್ದೆ. ಕಾರ್ ಸೀಟನ್ನು ಕಾರಿಗಷ್ಟೇ ಇಟ್ಟುಕೊಂಡೆವು, ಮನೆಯಲ್ಲಿ ಅದರಲ್ಲಿ ಮಲಗಿಸುವುದನ್ನು ಬಿಟ್ಟೆವು. ಎಚ್ಚರ ಇದ್ದಾಗ ಬೋರಲು ಹಾಕುವುದು ಮೊದಲು ಎರಡೇ ನಿಮಿಷ, ಆಮೇಲೆ ದಿನಕ್ಕೆ ಆರೇಳು ಸಲ. ಅಮ್ಮ ಕಾಲು ಚಾಚಿ ಕೂತು, ಮಗನನ್ನು ಕಾಲ ಮೇಲೆ ಬೋರಲು ಮಲಗಿಸಿ ನೀರು ಹಾಕುತ್ತಿದ್ದರು. ಆ ವಿಡಿಯೋ ನೋಡಿ ಫಿಸಿಯೋ ತುಂಬಾ ಖುಷಿಪಟ್ಟಳು, ದಿನಾ ಹೀಗೇ ಮಾಡಿ ಎಂದಳು. ತಲೆಯನ್ನು ಒತ್ತಿ ಒತ್ತಿ ದುಂಡಗೆ ಮಾಡುವುದನ್ನು ಮಾತ್ರ ನಿಲ್ಲಿಸಿದೆವು. ನೇವರಿಸಿದರೆ ಸಾಕು.

ಅಳತೆ ಇಲ್ಲದೆ ಹೆಲ್ಮೆಟ್ ಮಾತೇ ಎತ್ತಬೇಡಿ. ಕಣ್ಣಳತೆಗೆ ಒಂದು ದಿನ ಜಾಸ್ತಿ ಕಾಣುತ್ತದೆ, ಒಂದು ದಿನ ಕಡಿಮೆ ಕಾಣುತ್ತದೆ. ತಲೆಯ ಎರಡು ಓರೆ ಅಳತೆ ತೆಗೆಯುತ್ತಾರೆ. ಎಡ ಹಣೆಯಿಂದ ಬಲ ಹಿಂದಲೆಗೆ ಒಂದು, ಬಲ ಹಣೆಯಿಂದ ಎಡ ಹಿಂದಲೆಗೆ ಇನ್ನೊಂದು. ಇಲ್ಲಿ ಉದ್ದದ್ದನ್ನು ಗಿಡ್ಡದರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಎರಡೂ ಸಮ ಇದ್ದರೆ 100. 104 ಮುಟ್ಟಿದರೆ ಚಪ್ಪಟೆ ಎನ್ನುತ್ತಾರೆ. ನನ್ನ ಮಗನಿಗೆ ಹತ್ತು ವಾರದಲ್ಲಿ 126 ಮತ್ತು 115 ಮಿಲಿಮೀಟರ್ ಬಂತು, ಅಂದರೆ ಹೆಚ್ಚುಕಡಿಮೆ 110. ಅಮೆರಿಕದಲ್ಲಿ ಸಿವಿಎಐ ಎಂಬ ಲೆಕ್ಕ ಜಾಸ್ತಿ ಬಳಸುತ್ತಾರೆ, ಅಂದರೆ ಆ ಎರಡು ಓರೆ ಅಳತೆಗಳ ನಡುವೆ ಶೇಕಡಾ ಎಷ್ಟು ವ್ಯತ್ಯಾಸ ಎಂಬುದು. ಅಲ್ಲಿ 3.5ರ ಒಳಗಿದ್ದರೆ ಸಹಜ, 6.25 ದಾಟಿದರೆ ಮಧ್ಯಮ, 8.75 ದಾಟಿದರೆ ಜಾಸ್ತಿ, 11 ದಾಟಿದರೆ ತುಂಬಾ ಜಾಸ್ತಿ. ಯಾವ ಲೆಕ್ಕವಾದರೂ ಸರಿ, ಒಬ್ಬರೇ ಒಂದೇ ರೀತಿಯಲ್ಲಿ ಎರಡು ಸಲ ಅಳೆಯಲಿ, ಮಧ್ಯೆ ಆರೆಂಟು ವಾರ ಇರಲಿ. ಮನೆಯಲ್ಲಿ ನೀವು ಎರಡು ವಾರಕ್ಕೊಮ್ಮೆ ಕೂದಲು ಒದ್ದೆ ಮಾಡಿ ನೇರ ಮೇಲಿನಿಂದ ಫೋಟೋ ತೆಗೆದಿಡಿ.

ವಯಸ್ಸು ಏಕೆ ಮುಖ್ಯ? ಹೆಲ್ಮೆಟ್ ತಲೆಯನ್ನು ಒತ್ತುವುದಿಲ್ಲ. ಉಬ್ಬಿದ ಕಡೆ ತಡೆದು, ಚಪ್ಪಟೆ ಕಡೆ ಜಾಗ ಬಿಡುತ್ತದೆ. ಆ ಜಾಗವನ್ನು ತಲೆ ತಾನೇ ಬೆಳೆದು ತುಂಬಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗಂಡು ಮಗುವಿನ ತಲೆ ಹುಟ್ಟಿದಾಗ 34.5 ಸೆಂಟಿಮೀಟರ್, ಆರು ತಿಂಗಳಿಗೆ 43.3, ವರ್ಷಕ್ಕೆ 46.1. ಮೊದಲ ಆರು ತಿಂಗಳಲ್ಲಿ ಒಂಬತ್ತು ಸೆಂಟಿಮೀಟರ್‌ನಷ್ಟು ಬೆಳೆದದ್ದು ಮುಂದಿನ ಆರರಲ್ಲಿ ಮೂರೂ ಇಲ್ಲ. ಹಾಗಾಗಿ ನಾಲ್ಕು ತಿಂಗಳ ತನಕ ಮಲಗಿಸುವ ರೀತಿ ಬದಲಿಸುವುದರ ಮೇಲೇ ಗಮನ ಇಡಿ. ತೀರ್ಮಾನ ಐದರಿಂದ ಆರು ತಿಂಗಳೊಳಗೆ ಆಗಲಿ. ವರ್ಷ ತುಂಬಿದ ಮೇಲೆ ಹೆಲ್ಮೆಟ್‌ನಿಂದ ಆಗುವ ಉಪಯೋಗ ಕಡಿಮೆ.

ಹಾಗಾದರೆ ಹೆಲ್ಮೆಟ್ ಕೆಲಸ ಮಾಡುತ್ತದಾ? ಟ್ವೆಂಟೆ ವಿಶ್ವವಿದ್ಯಾಲಯದವರು ಇದೇ ದೇಶದಲ್ಲಿ 84 ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಐದಾರು ತಿಂಗಳಿನ ಮಕ್ಕಳು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಹೆಲ್ಮೆಟ್, ಇನ್ನರ್ಧಕ್ಕೆ ಏನೂ ಇಲ್ಲ. ಎರಡು ವರ್ಷ ತುಂಬಿದಾಗ ನೋಡಿದರೆ ಹೆಲ್ಮೆಟ್ ಹಾಕಿದವರಲ್ಲಿ ಶೇ. 26, ಹಾಕದವರಲ್ಲಿ ಶೇ. 23 ಮಕ್ಕಳ ತಲೆ ಪೂರ್ತಿ ಸರಿಯಾಗಿತ್ತು. ವ್ಯತ್ಯಾಸವೇ ಇಲ್ಲ ಅನ್ನಿ. 2014ರಲ್ಲಿ ಬಿಎಂಜೆ ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. ಹೆಲ್ಮೆಟ್ ಹಾಕಿದವರಲ್ಲಿ ಶೇ. 96 ತಾಯ್ತಂದೆಯರು ಚರ್ಮ ಕೆಂಪಾಯಿತು ಎಂದರು. ಶೇ. 77 ಜನ ಮಗುವನ್ನು ಅಪ್ಪಿ ಮುದ್ದಾಡಲು ಅಡ್ಡಿಯಾಯಿತು ಎಂದರು. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತು.

ಆದರೆ ಇಲ್ಲಿಗೇ ನಿಲ್ಲಬೇಡಿ. ತಲೆ ವಿಪರೀತ ಸೊಟ್ಟಗಿದ್ದ ಮಕ್ಕಳನ್ನಾಗಲಿ, ಕುತ್ತಿಗೆ ಬಿಗಿದಿದ್ದವರನ್ನಾಗಲಿ ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಹಲವರ ಹೆಲ್ಮೆಟ್ ಜಾರುತ್ತಿತ್ತು, ಸರಿಯಾಗಿ ಕೂರುತ್ತಿರಲಿಲ್ಲ. ಅಮೆರಿಕದ ನರಶಸ್ತ್ರ ವೈದ್ಯರು 2016ರಲ್ಲಿ ಬೇರೆಯದೇ ಸಲಹೆ ಕೊಟ್ಟರು. ಮಲಗಿಸುವ ರೀತಿ ಬದಲಿಸಿ, ವ್ಯಾಯಾಮ ಮಾಡಿಸಿದ ಮೇಲೂ ಮಧ್ಯಮ ಅಥವಾ ಜಾಸ್ತಿ ಚಪ್ಪಟೆ ಉಳಿದರೆ ಹೆಲ್ಮೆಟ್ ಹಾಕಿಸಿ ಎಂದರು.

ನಾವು ಐದು ತಿಂಗಳಿಗೆ ಮತ್ತೆ ಅಳೆಸಿದೆವು. 138, 129. ಅಂದರೆ 107. ಇಳಿಯುತ್ತಿತ್ತು. ಮಗ ಆಗಲೇ ಬೋರಲು ಬೀಳಲು ಕಲಿತಿದ್ದ, ಇನ್ನು ಹಗಲೆಲ್ಲ ತಲೆ ನೆಲಕ್ಕೆ ತಾಗುವುದಿಲ್ಲ. ಆದ್ದರಿಂದ ಬೇಡ ಎಂದೆವು. ಡಾಲಸ್‌ನ ಮಗುವಿಗೆ ಎರಡು ತಿಂಗಳು ವ್ಯಾಯಾಮ ಮಾಡಿಸಿದ ಮೇಲೂ ಐದು ತಿಂಗಳಿಗೆ ಸಿವಿಎಐ 10 ಇತ್ತು, ಇಳಿದಿರಲಿಲ್ಲ. ಅವಳ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಕಿಸುತ್ತಿದ್ದೆ.

ಹಾಕಿಸುವುದಾದರೆ ತಯಾರಾಗಿ. ದಿನಕ್ಕೆ 23 ಗಂಟೆ, ಮೂರು ನಾಲ್ಕು ತಿಂಗಳು. ಸ್ನಾನದ ಆ ಒಂದು ಗಂಟೆಯಲ್ಲೇ ಹೆಲ್ಮೆಟ್ ಒರೆಸಿ ಒಣಗಿಸಬೇಕು. ಮೊದಲ ವಾರ ನಿಧಾನವಾಗಿ ಹೊತ್ತು ಹೆಚ್ಚಿಸುತ್ತಾರೆ. ಬಿಚ್ಚಿದ ಮೇಲೆ ಒಂದು ಗಂಟೆ ಕಳೆದರೂ ಕೆಂಪು ಕಲೆ ಹೋಗದಿದ್ದರೆ ಫೋನ್ ಮಾಡಿ, ಅದು ಕೂರುತ್ತಿರುವ ರೀತಿ ಸರಿಯಿಲ್ಲ. ಡಾಲಸ್‌ನ ಬೇಸಿಗೆಯಲ್ಲಿ ಆ ಮಗು ಬೆವರಿ ಬೆವರಿ ಏಳುತ್ತಿತ್ತು. ನಮ್ಮ ರಾಯಚೂರು, ಬಳ್ಳಾರಿ ಕಡೆಯವರು ಹಾಕಿಸುವ ಮೊದಲು ಬೇಸಿಗೆಯ ತಿಂಗಳುಗಳನ್ನು ಲೆಕ್ಕ ಹಾಕಿ.

ಇನ್ನೊಂದು ಮಾತು. ನಾವು ಹೋದ ಒಂದು ಕಡೆ ಅಳತೆ ತೆಗೆದವರೇ ಹೆಲ್ಮೆಟ್ ಮಾರುವವರು. "ಶುಕ್ರವಾರದೊಳಗೆ ಹೇಳಿ, ಆಮೇಲೆ ತಡವಾಗುತ್ತದೆ" ಎಂದರು. ಮಗನಿಗೆ ಆಗ ನಾಲ್ಕೇ ತಿಂಗಳು. ಹೆದರಿ ಕೈ ಕಾಲು ತಣ್ಣಗಾಯಿತು. ಯಾರಾದರೂ ಹೀಗೆ ಅವಸರ ಮಾಡಿದರೆ ಅಳತೆಯ ಚೀಟಿ ಇಸಿದುಕೊಂಡು ಬನ್ನಿ. ಹೆಲ್ಮೆಟ್ ಮಾರದವರ ಹತ್ತಿರ ಅದನ್ನು ಮತ್ತೊಮ್ಮೆ ತೋರಿಸಿ.

ಮಗನಿಗೆ ಎರಡೂವರೆ ವರ್ಷ ಆದಾಗ ಊರಿಗೆ ಹೋಗಿ ಧರ್ಮಸ್ಥಳದಲ್ಲಿ ಮುಡಿ ಕೊಟ್ಟೆವು. ಕೂದಲು ಹೋದ ಮೇಲೆ ತಲೆ ಇದ್ದ ಹಾಗೆ ಕಂಡಿತು. ಅಮ್ಮ ಗಂಧ ಹಚ್ಚುತ್ತಾ ಬಲಗಡೆ ಅಂಗೈ ಇಟ್ಟು ನೋಡಿದರು. "ಇನ್ನೂ ಒಂಚೂರು ತಗ್ಗಿದೆ" ಎಂದರು. ಹೌದು, ಇದೆ. ಮೇಲಿನಿಂದ ಒಂದು ಫೋಟೋ ತೆಗೆದು ಆ ಹಳೆಯ ಫೋಟೋಗಳ ಜೊತೆ ಸೇರಿಸಿಟ್ಟೆ.