ಜನರೇಟರ್ ಪಕ್ಕದ ಡೀಸೆಲ್ ಟ್ಯಾಂಕ್: 990 ಲೀಟರಿನ ಲೆಕ್ಕ, ಡೈಕಿನ ವಾಲ್ವ್

ಪೀಣ್ಯದ ಶೆಡ್ಡಾಗಲಿ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಾಗಲಿ, ಜನರೇಟರ್ ಪಕ್ಕದ ಟ್ಯಾಂಕ್ ಸಾಮಾನ್ಯವಾಗಿ 990 ಲೀಟರಿನದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್‌ನಂಥ ಬಿ ವರ್ಗದ ತೈಲ ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಿರದಿದ್ದರೆ ಪರವಾನಗಿ ಬೇಕಿಲ್ಲ. ಜನ ಎಡವುವುದು 'ಒಟ್ಟು' ಅನ್ನುವಲ್ಲಿ. ಎರಡು ಟ್ಯಾಂಕಿಗೆ 1,980 ಲೀಟರ್; ಮೂಲೆಯಲ್ಲಿ 200 ಲೀಟರಿನ ಮೂರು ಬ್ಯಾರೆಲ್ ತುಂಬಿಟ್ಟರೆ 2,580. ಅಲ್ಲಿಗೆ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಪರವಾನಗಿ ಬೇಕೇ ಬೇಕು.

ಪರವಾನಗಿ ಬೇಡವೆಂದ ಮಾತ್ರಕ್ಕೆ ಬೆಂಕಿ ಬಿಡುವುದಿಲ್ಲ. ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್‌ಗೆ, ಅಂದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲ ಉಷ್ಣತೆಗೆ, ಇರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದ ಕಬ್ಬಿಣ ಅದನ್ನು ಸುಲಭವಾಗಿ ದಾಟುತ್ತದೆ. ಟ್ಯಾಂಕಿಗೆ ನೆರಳು ಕೊಡಿ.

ಸೋರಿದ ಡೀಸೆಲ್ ಹೊರಹೋಗದಂತೆ ಸುತ್ತ ಕಟ್ಟುವ ಡೈಕ್ ಗೋಡೆ ಟ್ಯಾಂಕಿನ ಶೇ 110ರಷ್ಟು ಹಿಡಿಯುವಂತಿರಲಿ. 990 ಲೀಟರಿಗೆ 1,089. ಒಳ ಅಳತೆ 2 ಮೀಟರ್ ಉದ್ದ, 1.5 ಮೀಟರ್ ಅಗಲ, 40 ಸೆಂ.ಮೀ. ಎತ್ತರವಿದ್ದರೆ 1,200 ಲೀಟರ್ ಆಗುತ್ತದೆ. ಟ್ಯಾಂಕಿನ ಕಾಲುಗಳ ಜಾಗ ಕಳೆದರೂ ಸಾಕು. ಪೈಪ್ ಗೋಡೆ ತೂರುವಲ್ಲಿ ಸಂದು ಉಳಿಸಬೇಡಿ, ಸೋರುವುದು ಅಲ್ಲೇ.

ಕಟ್ಟಿದ ಮೇಲೆ ಕೈಕೊಡುವುದು ಮಳೆನೀರು. ಡ್ರೈನ್ ವಾಲ್ವ್ ಗೋಡೆಯ ಹೊರಗಿರಬೇಕು, ಯಾವಾಗಲೂ ಮುಚ್ಚಿರಬೇಕು. 'ನೀರು ನಿಲ್ಲುತ್ತೆ' ಅಂತ ಅದನ್ನು ತೆರೆದೇ ಬಿಟ್ಟರೆ ಡೈಕ್ ಇದ್ದೂ ಇಲ್ಲದಂತೆ; ಸೋರಿದ್ದೆಲ್ಲ ನೇರ ಮೋರಿಗೆ. ಹಾಗಂತ ನೀರು ಖಾಲಿ ಮಾಡದಿದ್ದರೂ ಕಷ್ಟವೇ: ಡೀಸೆಲ್ ನೀರಿನ ಮೇಲೆ ತೇಲುತ್ತದೆ, ಅರ್ಧ ತುಂಬಿದ ಡೈಕಿನಿಂದ ಮೊದಲು ಉಕ್ಕಿ ಹರಿಯುವುದು ಡೀಸೆಲ್ಲೇ. ಪ್ರತಿ ಮಳೆಯ ನಂತರ ಒಬ್ಬರು ಎದುರಿಗೆ ನಿಂತು ವಾಲ್ವ್ ತೆರೆಯಲಿ. ನೀರಿನ ಮೇಲೆ ಬಣ್ಣದ ಪದರ ಕಂಡರೆ ಅದು ವಾಲ್ವಿಗೆ ಇಳಿಯುವ ಮುಂಚೆ ಮುಚ್ಚಿ, ಉಳಿದದ್ದನ್ನು ಬಕೆಟ್ಟಿನಲ್ಲಿ ಎತ್ತಿ ಬೇರೆ ಇಡಿ.

ಟ್ಯಾಂಕಿನ ಗಾಳಿ ಹೊರಹೋಗುವ ವೆಂಟ್ ಪೈಪಿನ ಬಾಯಿಗೆ ಎರಡು ಪದರ ತುಕ್ಕುಹಿಡಿಯದ ಜಾಲರಿ, ಸೆಂಟಿಮೀಟರಿಗೆ 11 ಕಣ್ಣಿಗೆ ಕಡಿಮೆಯಿಲ್ಲದಂತೆ. ಪೇಂಟ್ ಹೊಡೆಯುವವರು ಇದನ್ನು ಮುಚ್ಚಿಹಾಕುತ್ತಾರೆ, ಕಣಜ ಗೂಡು ಕಟ್ಟುತ್ತದೆ. ಆಮೇಲೆ ತುಂಬುವಾಗ ಟ್ಯಾಂಕ್ ಉಬ್ಬುತ್ತದೆ. ಅರ್ಥಿಂಗ್ ಎರಡು ಕಡೆ, ವರ್ಷಕ್ಕೊಮ್ಮೆ ಪರೀಕ್ಷೆ.

ಮಟ್ಟ ನೋಡುವ ಪ್ಲಾಸ್ಟಿಕ್ ಟ್ಯೂಬಿನ ಕೆಳಗಿನ ಕಾಕ್ ನೋಡಿದ ಕೂಡಲೇ ಮುಚ್ಚಿ. ತೆರೆದಿದ್ದರೆ, ಪಕ್ಕದಲ್ಲಿ ಹೊತ್ತಿದ ಸಣ್ಣ ಬೆಂಕಿಗೆ ಟ್ಯೂಬ್ ಕರಗಿ ಇಡೀ ಟ್ಯಾಂಕ್ ಅದೇ ಬೆಂಕಿಗೆ ಸುರಿಯುತ್ತದೆ. ಹತ್ತಿರದಲ್ಲಿ 9 ಲೀಟರಿನ ಫೋಮ್ ಸಿಲಿಂಡರ್, ಒಣ ಮರಳಿನ ಬಕೆಟ್ ಇಡಿ; ಉರಿಯುವ ಡೀಸೆಲ್ ಮೇಲೆ ನೀರು ಸುರಿಯಬೇಡಿ.