ಮನೆಯ ಸರ್ವರ್‌ನಿಂದಲೇ ವೈಫೈ: ಬ್ರಿಜ್‌ನಲ್ಲಿ ಎಡವಬೇಡಿ

ವಿಜಯಪುರದ ಹಳೇ ಮನೆಗಳಲ್ಲಿ ಕಲ್ಲಿನ ಗೋಡೆ ಎರಡಡಿ ದಪ್ಪ ಇರುತ್ತದೆ. ಪಡಸಾಲೆಯ ರೌಟರ್‌ನಿಂದ ಹೊರಟ ವೈಫೈ ಅಡುಗೆಮನೆ ಮುಟ್ಟುವಷ್ಟರಲ್ಲಿ ಸುಸ್ತು. ಫೋಟೊ, ಸಿನಿಮಾ ಇಡಲು ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡಿ ಒಳಕೋಣೆಯಲ್ಲಿ ಇಟ್ಟಿದ್ದೀರಾ? ಹಾಗಾದರೆ ರೌಟರ್‌ನಿಂದ ಅಲ್ಲಿಗೆ ಕೇಬಲ್ ಹೇಗೂ ಬಂದಿರುತ್ತದೆ. ಆ ಸರ್ವರ್‌ನಿಂದಲೇ ವೈಫೈ ಹಂಚಬಹುದು. ಹೀಗೆ ಮಾಡಲು ಹೋಗಿ ಕೆಡಿಸಿಕೊಂಡ ಮೂರು ಮನೆಗೆ ಹೋಗಿ ಬಂದೆ. ಮೂವರೂ ಎಡವಿದ್ದು ಒಂದೇ ಕಡೆ.

ಮೊದಲು ಸರ್ವರ್‌ನ ವೈಫೈ ಕಾರ್ಡ್. ವೈಫೈ ಹಿಡಿಯಲು ಎಲ್ಲ ಕಾರ್ಡಿಗೂ ಬರುತ್ತದೆ, ಹಂಚಲು ಎಲ್ಲಕ್ಕೂ ಬರುವುದಿಲ್ಲ. ಲಿನಕ್ಸ್‌ನಲ್ಲಿ ‘ಐಡಬ್ಲ್ಯೂ ಲಿಸ್ಟ್’ (iw list) ಕಮಾಂಡ್ ಕೊಟ್ಟು, ಮೋಡ್‌ಗಳ ಪಟ್ಟಿಯಲ್ಲಿ ‘ಎಪಿ’ (AP, ಅಂದರೆ ಹಂಚುವ ಮೋಡ್) ಇದೆಯಾ ನೋಡಿ. ಇಲ್ಲ ಅಂದರೆ ಬೇರೆ ಕಾರ್ಡ್ ತನ್ನಿ, ಸುಮ್ನೆ ಗುದ್ದಾಡಬೇಡಿ. ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಇಂಟೆಲ್ ಕಾರ್ಡ್ 2.4 ಗಿಗಾಹರ್ಟ್ಸ್‌ನಲ್ಲಿ ಹಂಚುತ್ತದೆ, 5ರಲ್ಲಿ ಸಾಮಾನ್ಯವಾಗಿ ಒಲ್ಲೆ ಅನ್ನುತ್ತದೆ. ನಾನಂತೂ ಅಥೆರೋಸ್ ಇಲ್ಲವೇ ಮೀಡಿಯಾಟೆಕ್ ಚಿಪ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಉಗುರಿನಷ್ಟು ಇರುವ ಯುಎಸ್‌ಬಿ ಡಾಂಗಲ್ ಬೇಡವೇ ಬೇಡ. ಅದರಲ್ಲಿ ಆಂಟೆನಾ ಇರುವುದು ನೆಪಕ್ಕೆ.

ಆಮೇಲೆ ‘ಹೋಸ್ಟ್‌ಎಪಿಡಿ’ (hostapd) ಇನ್‌ಸ್ಟಾಲ್ ಮಾಡಿ. ಕಾರ್ಡಿನಿಂದ ವೈಫೈ ಹಂಚಿಸುವ ತಂತ್ರಾಂಶ ಇದೇ.

ಈಗ ಬ್ರಿಜ್. ಕೇಬಲ್‌ನ ಪೋರ್ಟ್ ಮತ್ತು ವೈಫೈ ಕಾರ್ಡ್ ಎರಡನ್ನೂ ಜೋಡಿಸುವ, ಕಣ್ಣಿಗೆ ಕಾಣದ ಸ್ವಿಚ್ ಇದು. ಇದನ್ನು ಮಾಡುವಾಗ ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಹಚ್ಚಿಕೊಂಡೇ ಕೂಡ್ರಿ. ಒಬ್ಬರು ಮಾಳಿಗೆ ಮೇಲೆ ಕುಳಿತು ಎಸ್‌ಎಸ್‌ಎಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ದೂರದಿಂದಲೇ ಸರ್ವರ್‌ಗೆ ಕಮಾಂಡ್ ಕೊಡುತ್ತ ಕೆಲಸ ನಡೆಸಿದ್ದರು. ಪೋರ್ಟನ್ನು ಬ್ರಿಜ್‌ಗೆ ಸೇರಿಸಿದ ಕ್ಷಣವೇ ಸಂಪರ್ಕ ಕಡಿಯಿತು. ತಾವು ಕೂತ ಟೊಂಗೆಯನ್ನೇ ಕಡಿದಂಗಾಯಿತು.

ಪೋರ್ಟ್ ಬ್ರಿಜ್‌ಗೆ ಸೇರಿದ ಮೇಲೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸರ್ವರ್‌ನ ಗುರುತಿನ ಸಂಖ್ಯೆ) ಬ್ರಿಜ್‌ಗೆ ಇರಬೇಕು, ಪೋರ್ಟ್‌ಗೆ ಇರಬಾರದು. ಮೂವರೂ ಹಳೇ ವಿಳಾಸವನ್ನು ಪೋರ್ಟ್‌ನಲ್ಲೇ ಬಿಟ್ಟಿದ್ದರು. ಆಗ ಮೊಬೈಲ್‌ಗೆ ನೆಟ್ ಬರುತ್ತದೆ, ಸರ್ವರ್ ಮಾತ್ರ ಯಾರಿಗೂ ಸಿಗುವುದಿಲ್ಲ. ಪೋರ್ಟ್‌ನ ವಿಳಾಸ ಅಳಿಸಿ, ಬ್ರಿಜ್‌ಗೆ ಡಿಎಚ್‌ಸಿಪಿ ಹಾಕಿ, ರೌಟರ್‌ನಿಂದ ಅದೇ ಐಪಿ ಪಡೆದುಕೊಳ್ಳುತ್ತದೆ. ಬ್ರಿಜ್‌ನ ಮ್ಯಾಕ್ ವಿಳಾಸ (ರೌಟರ್ ಸಾಧನವನ್ನು ಗುರುತಿಸುವ ನಂಬರ್) ಬೇರೆ ಆಗಿದ್ದರೆ ರೌಟರ್ ಹೊಸ ಐಪಿ ಕೊಡುತ್ತದೆ. ಸರ್ವರ್ ಕಳೆದೇ ಹೋಯಿತು ಅಂತ ಗಾಬರಿಯಾಗುವ ಮೊದಲು ರೌಟರ್‌ನ ಪಟ್ಟಿ ನೋಡಿ. ಕೇಬಲ್‌ಗಳು ಸುತ್ತುಹಾಕಿಕೊಳ್ಳದಂತೆ ಕಾಯುವ ಎಸ್‌ಟಿಪಿ ಬ್ರಿಜ್‌ನಲ್ಲಿ ಆನ್ ಇದ್ದರೆ ಬ್ರಿಜ್ ಎದ್ದ ಮೇಲೆ 30 ಸೆಕೆಂಡ್ ನೆಟ್ ಇರುವುದಿಲ್ಲ. ಮನೆಗೆ ಅದು ಯಾಕೆ, ಆಫ್ ಮಾಡಿ.

ವೈಫೈ ಕಾರ್ಡನ್ನು ನೀವಾಗಿ ಬ್ರಿಜ್‌ಗೆ ಸೇರಿಸಬೇಡಿ. ಹೋಸ್ಟ್‌ಎಪಿಡಿ ಫೈಲ್‌ನಲ್ಲಿ ಬ್ರಿಜ್‌ನ ಹೆಸರು ಬರೆದರೆ ಅದೇ ಸೇರಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ಗೆ ಆ ಕಾರ್ಡಿನ ತಂಟೆಗೆ ಹೋಗಬೇಡ ಅಂತಲೂ ಹೇಳಿಡಿ.

ಇನ್ನೊಂದು ತಾಪತ್ರಯ. ಯಾವುದೋ ವಿಡಿಯೊ ನೋಡಿ ಐಪಿ ಹಂಚಬಲ್ಲ ‘ಡಿಎನ್‌ಎಸ್‌ಮಾಸ್ಕ್’ ಎಂಬ ತಂತ್ರಾಂಶ ಕೂಡ ಹಾಕಿ, ಅದರಿಂದಲೂ ಐಪಿ ಹಂಚಲು ಬಿಡುತ್ತಾರೆ. ಐಪಿ ಹಂಚಲು ರೌಟರ್ ಇದೆಯಲ್ವಾ? ಇಬ್ಬರು ಹಂಚತೊಡಗಿದರೆ ಒಂದು ಮೊಬೈಲ್‌ಗೆ ಇಲ್ಲಿಂದ, ಇನ್ನೊಂದಕ್ಕೆ ಅಲ್ಲಿಂದ. “ಅಣ್ಣಾರ, ವೈಫೈ ಹತ್ತೈತ್ರಿ, ನೆಟ್ ಬರವಲ್ದು” ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದೇ ಇದನ್ನು.

ಹೋಸ್ಟ್‌ಎಪಿಡಿ ಫೈಲ್‌ನಲ್ಲಿ ಉಳಿದದ್ದು ಸಲೀಸು: ದೇಶದ ಕೋಡ್ ಐಎನ್, ಭದ್ರತೆಗೆ ಡಬ್ಲ್ಯೂಪಿಎ2, 8ರಿಂದ 63 ಅಕ್ಷರದ ಪಾಸ್‌ವರ್ಡ್. ಹೆಸರು, ಪಾಸ್‌ವರ್ಡ್ ಎರಡೂ ರೌಟರ್‌ನವೇ ಇರಲಿ, ಮೊಬೈಲ್ ತಾನೇ ಇಲ್ಲಿಂದ ಅಲ್ಲಿಗೆ ಹಾರಿಕೊಳ್ಳುತ್ತದೆ. ಚಾನೆಲ್ ಮಾತ್ರ ಬೇರೆ: 2.4ರಲ್ಲಿ ರೌಟರ್ 1ರಲ್ಲಿದ್ದರೆ ಇದಕ್ಕೆ 6 ಅಥವಾ 11.

ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಹೋಸ್ಟ್‌ಎಪಿಡಿಯನ್ನು ‘ಅನ್‌ಮಾಸ್ಕ್’ ಮಾಡದೆ (ಅದಕ್ಕೆ ಹಾಕಿದ ತಡೆ ತೆಗೆಯದೆ) ಅದು ಏಳುವುದಿಲ್ಲ. ಸರ್ವರನ್ನು ಕಬ್ಬಿಣದ ತಿಜೋರಿಯೊಳಗೆ ಇಡಬೇಡಿ, ಸಿಗ್ನಲ್ಲೂ ಹೊರಬರುವುದಿಲ್ಲ, ಬೇಸಿಗೆಯಲ್ಲಿ ಡಬ್ಬಿಯೂ ಬೇಯುತ್ತದೆ. ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡುವುದಿದ್ದರೆ, ಸಂಜೆ ಅಡುಗೆಮನೆಯಲ್ಲಿ ಮೊಬೈಲ್ ಧಾರಾವಾಹಿ ಮುಗಿದ ಮೇಲೆ ಮಾಡಿ.